32 ಮಿಲಿಮೀಟರ್ ರಕ್ಕಸನಿಗೆ ಬೆಳಕು ಬಳಿಯುವುದು ಹೇಗೆ?

ಗೌರಿ-ಗಣೇಶ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಬೆಂಗಳೂರಿನ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿಗೆ ಹೋದರೆ, ಸಾಲಾಗಿ ನಿಲ್ಲಿಸಿದ ಗಣಪತಿ ಮೂರ್ತಿಗಳಿಗೆ ಬಣ್ಣ ಏರುತ್ತಿರುವುದು ಕಾಣುತ್ತದೆ. ಮೂರಡಿ ಎತ್ತರದ ಮೂರ್ತಿಗೆ ಮೈಯೆಲ್ಲ ಒಂದೇ ಬಣ್ಣ ಬಳಿದರೂ ಕೆಲಸ ಮುಕ್ಕಾಲು ಮುಗಿದಂತೆಯೇ. ಹೊಟ್ಟೆಯ ಕೆಳಗೆ ನೆರಳು ತಾನಾಗಿ ಬೀಳುತ್ತದೆ, ಹಣೆಯ ಮೇಲೆ ಬೆಳಕು ತಾನಾಗಿ ನಿಲ್ಲುತ್ತದೆ. ಅದೇ ಕ್ರಮದಲ್ಲಿ 32 ಮಿಲಿಮೀಟರ್ ಎತ್ತರದ ಒಂದು ರಕ್ಕಸನ ಗೊಂಬೆಗೆ ಬಣ್ಣ ಹಚ್ಚಿ ನೋಡಿ: ಮೂಗು, ಎದೆ, ತೋಳು ಎಲ್ಲ ಕಲಸಿಹೋಗಿ ಗೊಂಬೆ ಚಪ್ಪಟೆಯಾಗಿ ಕಾಣುತ್ತದೆ. ಒಂದು ಮಿಲಿಮೀಟರ್ ಆಳದ ಮಡಿಕೆಯಲ್ಲಿ ಕಣ್ಣಿಗೆ ಕಾಣುವಷ್ಟು ನೆರಳು ನಿಲ್ಲುವುದಿಲ್ಲ. ಆದ್ದರಿಂದ ದೊಡ್ಡ ಮೂರ್ತಿಗೆ ಸೂರ್ಯ ಮಾಡಿಕೊಡುವ ಕೆಲಸವನ್ನು ಪುಟ್ಟ ಗೊಂಬೆಗೆ ಬ್ರಷ್ಷೇ ಮಾಡಬೇಕು. ಲೇಯರಿಂಗ್, ಬ್ಲೆಂಡಿಂಗ್ ಎಂಬ ಎರಡು ಕೌಶಲಗಳೂ ಇಲ್ಲಿ ಬೇಕಾಗುವುದು ಈ ಒಂದು ಅಗತ್ಯಕ್ಕಾಗಿ.

ಬೆಂಗಳೂರಿನ ಕಂಟೋನ್ಮೆಂಟಿಗೆ ಪುಟ್ಟ ಗೊಂಬೆಗಳ ನಂಟು ಹೊಸದಲ್ಲ. 1896ರಲ್ಲಿ ನಾಲ್ಕನೇ ಹುಸಾರ್ಸ್ ಪಡೆಯ ಜೊತೆ ಇಲ್ಲಿಗೆ ಬಂದ ಯುವ ಅಧಿಕಾರಿ ವಿನ್ಸ್‌ಟನ್ ಚರ್ಚಿಲ್, ಬಾಲ್ಯದಲ್ಲಿ ತನ್ನ ಬಳಿ ಸುಮಾರು 1500 ಆಟಿಕೆ ಸೈನಿಕರಿದ್ದರೆಂದೂ ತನ್ನನ್ನು ಸೈನ್ಯದ ಕಡೆ ತಿರುಗಿಸಿದ್ದು ಅವೇ ಎಂದೂ 1930ರ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಂಥ ಸೈನಿಕರನ್ನಿಟ್ಟು ಆಡುವ ಯುದ್ಧದಾಟಕ್ಕೆ ಎಚ್.ಜಿ. ವೆಲ್ಸ್ 1913ರಲ್ಲಿ ನಿಯಮಗಳ ಪುಸ್ತಕವನ್ನೇ ಬರೆದ. 1974ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’, 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಆಟಗಳು ಬಂದ ಮೇಲೆ ಸೈನಿಕರ ಜಾಗಕ್ಕೆ ಮಾಂತ್ರಿಕರು, ರಕ್ಕಸರು, ರೆಕ್ಕೆಯ ಹಾವುಗಳು ಬಂದರು. ಇವತ್ತು ಇಂದಿರಾನಗರದ ಫ್ಲ್ಯಾಟಿನಲ್ಲೋ ಕೆ.ಆರ್. ಪುರದ ಬಾಡಿಗೆ ಮನೆಯಲ್ಲೋ ಮೇಜಿನ ಒಂದು ಮೂಲೆ ಸಿಕ್ಕರೆ ಸಾಕು, ಈ ಹವ್ಯಾಸ ಶುರುಮಾಡಬಹುದು.

ನಮ್ಮ ಪಾಠಕ್ಕೆ ಒಬ್ಬ ರಕ್ಕಸನನ್ನು ಆರಿಸಿಕೊಳ್ಳೋಣ: ಬರಿಮೈ, ಬೆನ್ನಿಗೆ ಕೆಂಪು ಹೊದಿಕೆ, ಸೊಂಟಕ್ಕೆ ಚರ್ಮದ ಪಟ್ಟಿ, ಕೈಯಲ್ಲಿ ಕಬ್ಬಿಣದ ಕತ್ತಿ. ಬರಿಮೈ ಲೇಯರಿಂಗ್ ಕಲಿಸುತ್ತದೆ, ಹೊದಿಕೆ ಬ್ಲೆಂಡಿಂಗ್ ಕಲಿಸುತ್ತದೆ. ಕವಚ, ಸರಪಳಿ, ಆಭರಣ ತುಂಬಿದ ಗೊಂಬೆ ಅಂಗಡಿಯಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಮೊದಲ ಸಲಕ್ಕೆ ಬೇಡ.

ಬೇಕಾಗುವ ಸಾಮಾನು

ಗೊಂಬೆ: ಗಟ್ಟಿ ಪ್ಲಾಸ್ಟಿಕ್ಕಿನದು ಅಥವಾ ರೆಸಿನ್‌ನಲ್ಲಿ ತ್ರಿಡಿ ಪ್ರಿಂಟ್ ಮಾಡಿದ್ದು. ಎತ್ತರ 28ರಿಂದ 32 ಮಿ.ಮೀ. ಇರಲಿ. ಹಳೆಯ ಲೋಹದ ಗೊಂಬೆ ಸಿಕ್ಕರೆ ಅದರಲ್ಲಿ ಸೀಸ ಇರಬಹುದು. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಬಣ್ಣ: ನೀರಿನಲ್ಲಿ ಕರಗುವ ಅಕ್ರಿಲಿಕ್. ವಾಲೆಹೊ, ಸಿಟಡೆಲ್, ಆರ್ಮಿ ಪೇಂಟರ್ ಮುಂತಾದ ಕಂಪನಿಗಳ ಬಣ್ಣ ಈ ಕೆಲಸಕ್ಕೆಂದೇ ತಯಾರಾದದ್ದು. ಅವುಗಳ ವರ್ಣದ ಪುಡಿ ನುಣುಪು, ತೆಳುವಾಗಿ ಹಚ್ಚಿದರೂ ಮುಚ್ಚುತ್ತವೆ. ಆದರೆ ಹೊರದೇಶದ ಸರಕು, ದುಬಾರಿ. ಕಲಿಕೆಗೆ ಸ್ಟೇಷನರಿ ಅಂಗಡಿಯ ಫೆವಿಕ್ರಿಲ್ ಸೀಸೆಗಳೂ ನಡೆಯುತ್ತವೆ. ಅವು ಸ್ವಲ್ಪ ದಪ್ಪ, ಒಂದೆರಡು ಪದರ ಹೆಚ್ಚು ಬೇಕಾಗುತ್ತದೆ ಅಷ್ಟೆ. ಬಿಳಿ, ಕಪ್ಪು, ಹಳದಿ, ಯೆಲ್ಲೋ ಓಕರ್, ಕೆಂಪು, ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್ ಕಂದು, ಬೆಳ್ಳಿ – ಈ ಎಂಟು ಸಾಕು. ಇನ್ನುಳಿದ ಬಣ್ಣಗಳನ್ನೆಲ್ಲ ಇವುಗಳಿಂದಲೇ ಬೆರೆಸಿಕೊಳ್ಳುತ್ತೇವೆ. ಜೊತೆಗೆ ಅಕ್ರಿಲಿಕ್ ಮೀಡಿಯಂ ಒಂದು ಸೀಸೆ.

ಬ್ರಷ್: ದುಂಡು ತುದಿಯ 2, 1 ಮತ್ತು 0 ನಂಬರಿನವು, ಒಂದು ಹಳೆಯ ಚಪ್ಪಟೆ ಬ್ರಷ್. ಸಣ್ಣ ಕೆಲಸಕ್ಕೆ ಸಣ್ಣ ಬ್ರಷ್ ಬೇಕೆಂದು ಹೊಸಬರು 000 ಕೊಳ್ಳುತ್ತಾರೆ. ಅಷ್ಟು ಕಡಿಮೆ ಕೂದಲಿನಲ್ಲಿ ಬಣ್ಣ ನಿಲ್ಲುವುದಿಲ್ಲ. ಗೊಂಬೆ ಮುಟ್ಟುವ ಮೊದಲೇ ತುದಿ ಒಣಗಿರುತ್ತದೆ. ತುದಿ ಚೂಪಾಗಿ ಕೂಡುವ 1 ನಂಬರಿನ ಬ್ರಷ್ಷಿನಲ್ಲಿ ಕಣ್ಣನ್ನೂ ಬರೆಯಬಹುದು. ಅಂಗಡಿಯಲ್ಲೇ ನೀರಿನಲ್ಲಿ ಅದ್ದಿ, ತುದಿ ಒಂದಾಗಿ ಕೂಡುತ್ತದೆಯೇ ಎಂದು ನೋಡಿ ತನ್ನಿ.

ಉಳಿದದ್ದು: ಕಪ್ಪು ಮತ್ತು ಬಿಳಿ ಪ್ರೈಮರ್, ಮ್ಯಾಟ್ ವಾರ್ನಿಷ್, ಫೆವಿಕ್ವಿಕ್, ಫೆವಿಕಾಲ್, ಎಂ-ಸೀಲ್, ಸಣ್ಣ ಚಾಕು, 400 ಮತ್ತು 800 ನಂಬರಿನ ಎಮರಿ ಪೇಪರ್, ಎರಡು ಲೋಟ ನೀರು, ಟಿಶ್ಯೂ, ಬಿಳಿ ಬೆಳಕಿನ ಎಲ್‌ಇಡಿ ಟೇಬಲ್ ಲ್ಯಾಂಪ್. ಹಳದಿ ಬಲ್ಬಿನ ಕೆಳಗೆ ಬೆರೆಸಿದ ಬಣ್ಣ ಬೆಳಗ್ಗೆ ಬೇರೆಯೇ ಆಗಿ ಕಾಣುತ್ತದೆ.

ನೀರಿನ ಬಗ್ಗೆ ಒಂದು ಮಾತು. ಪೂರ್ವ ಬೆಂಗಳೂರಿನ ಬಹಳ ಮನೆಗಳಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. ಗಡಸು ನೀರಿನಲ್ಲಿ ತೆಳು ಮಾಡಿದ ಬಣ್ಣ ಒಣಗಿದಾಗ ಗುಂಡಿಗಳಲ್ಲಿ ಬೆಳ್ಳಗೆ ಕಲೆ ಉಳಿಯಬಹುದು. ಬಣ್ಣಕ್ಕೆ ಬೆರೆಸಲು ಕುಡಿಯುವ ಫಿಲ್ಟರ್ ನೀರು ಇಟ್ಟುಕೊಳ್ಳಿ. ಬ್ರಷ್ ತೊಳೆಯಲು ನಲ್ಲಿ ನೀರು ಸಾಕು.

ಹಂತ 1: ಮೊದಲು ಕಲ್ಲನ್ನು ನೋಡಿ

ಬ್ರಷ್ ಹಿಡಿಯುವ ಮುಂಚೆ ಒಂದು ಬೆಳಗ್ಗೆ ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ. ಅಲ್ಲಿ ರಾವಣ ಕೈಲಾಸವನ್ನು ಎತ್ತುತ್ತಿರುವ ಶಿಲ್ಪವಿದೆ, ಮಹಿಷಾಸುರನನ್ನು ಕೊಲ್ಲುವ ದುರ್ಗೆಯಿದ್ದಾಳೆ. ಕಲ್ಲಿಗೆ ಬಣ್ಣವಿಲ್ಲ, ಆದ್ದರಿಂದ ಬೆಳಕು ಮಾತ್ರ ಕಾಣುತ್ತದೆ. ಬಿಸಿಲು ಏರಿದಾಗ ಎಲ್ಲೆಲ್ಲಿ ಹೊಳಪು ಇದೆ ಎಂದು ಗುರುತಿಸಿ: ನೆತ್ತಿ, ಹುಬ್ಬಿನ ಏಣು, ಮೂಗಿನ ಮೇಲ್ಭಾಗ, ಕೆನ್ನೆಯ ಎಲುಬು, ಭುಜ, ಎದೆಯ ಮೇಲರ್ಧ, ಮೊಣಕಾಲಿನ ಚಿಪ್ಪು. ಕತ್ತಲೆ ಎಲ್ಲಿದೆ? ಕಣ್ಣುಗುಳಿ, ಕೆಳದುಟಿಯ ಕೆಳಗೆ, ಗದ್ದದ ಕೆಳಗೆ, ಕಂಕುಳು, ಎದೆಯ ಕೆಳ ಅಂಚು, ತೊಡೆಯ ಒಳಮಗ್ಗುಲು. ನಿಮ್ಮ ರಕ್ಕಸನ ಮೈಮೇಲೂ ಬೆಳಕು ಬೀಳಬೇಕಾದದ್ದು ಇದೇ ಜಾಗಗಳಲ್ಲಿ. ಹೊಳಪು ಎಲ್ಲಿ ಹಾಕಲಿ ಎಂದು ಮುಂದೆ ಅನುಮಾನ ಬಂದಾಗಲೆಲ್ಲ, ಬೆಳಕು ಮೇಲಿನಿಂದ ಬರುತ್ತಿದೆ ಎಂಬುದೊಂದೇ ಉತ್ತರ.

ಹಂತ 2: ತೊಳೆದು, ಅಂಟಿಸಿ, ನುಣುಪು ಮಾಡಿ

ಗೊಂಬೆಯ ಮೇಲೆ ಅಚ್ಚಿನಿಂದ ಬಿಡಿಸುವಾಗ ಉಳಿದ ಎಣ್ಣೆಯಂಥ ಪಸೆ ಇರುತ್ತದೆ. ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್, ಬೆಚ್ಚಗಿನ ನೀರು ಬಳಸಿ ಉಜ್ಜಿ, ಪೂರ್ತಿ ಒಣಗಿಸಿ. ಪಸೆ ಉಳಿದರೆ ಬಣ್ಣ ಮುಂದೆ ಚಕ್ಕೆಯೇಳುತ್ತದೆ. ರೆಸಿನ್ ಪ್ರಿಂಟ್ ಇನ್ನೂ ಅಂಟಂಟಾಗಿದ್ದರೆ ಅದು ಸರಿಯಾಗಿ ಗಟ್ಟಿಯಾಗಿಲ್ಲ ಎಂದರ್ಥ. ಕೈಗವಸು ಹಾಕಿಕೊಳ್ಳಿ, ಪ್ರಿಂಟ್ ಮಾಡಿದವರಿಗೇ ಹಿಂದಿರುಗಿಸಿ ಯುವಿ ಬೆಳಕಿನಲ್ಲಿ ಗಟ್ಟಿ ಮಾಡಿಸಿ.

ಅಚ್ಚಿನ ಎರಡು ಭಾಗ ಕೂಡಿದ ಕಡೆ ಉಳಿಯುವ ಗೆರೆಯನ್ನು ಚಾಕುವಿನ ಅಲಗನ್ನು ಅಡ್ಡ ಹಿಡಿದು ಹೆರೆಯಿರಿ, ಕತ್ತರಿಸಬೇಡಿ. ಆಮೇಲೆ ಎಮರಿ ಪೇಪರಿನಿಂದ ಮೃದುವಾಗಿ ಉಜ್ಜಿ. ರೆಸಿನ್ನಾದರೆ ಪೇಪರನ್ನು ಒದ್ದೆ ಮಾಡಿಕೊಂಡು ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆ ಪುಡಿ ಉಸಿರಿಗೆ ಒಳ್ಳೆಯದಲ್ಲ. ಕೈಕಾಲು ಬಿಡಿಯಾಗಿದ್ದರೆ ಫೆವಿಕ್ವಿಕ್ಕಿನಿಂದ ಅಂಟಿಸಿ. ಅಂಟಿಸಿದ ಕಡೆ ಸಂದು ಉಳಿದರೆ ಎಂ-ಸೀಲ್ ಚೂರೊಂದನ್ನು ಕಲಸಿ, ಒದ್ದೆ ಬೆರಳಿನಿಂದ ಒತ್ತಿ ಸಮ ಮಾಡಿ. ಕೊನೆಗೆ ಖಾಲಿ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಡಬಲ್ ಟೇಪ್ ಹಾಕಿ ಗೊಂಬೆಯನ್ನು ನಿಲ್ಲಿಸಿ. ಇನ್ನು ಮುಂದೆ ಹಿಡಿಯುವುದು ಡಬ್ಬಿಯನ್ನು, ಗೊಂಬೆಯನ್ನಲ್ಲ.

ಹಂತ 3: ಪ್ರೈಮರ್, ಅದರಲ್ಲೇ ಬೆಳಕಿನ ನಕ್ಷೆ

ಅಕ್ರಿಲಿಕ್ ಬಣ್ಣ ನುಣುಪಾದ ಪ್ಲಾಸ್ಟಿಕ್ಕಿಗೆ ನೇರವಾಗಿ ಹಿಡಿಯುವುದಿಲ್ಲ. ಮೊದಲು ಇಡೀ ಗೊಂಬೆಗೆ ಕಪ್ಪು ಪ್ರೈಮರ್ ಕೊಡಿ. ಸ್ಪ್ರೇ ಆದರೆ 20ರಿಂದ 25 ಸೆಂಟಿಮೀಟರ್ ದೂರದಿಂದ, ಒಂದೇ ಕಡೆ ನಿಲ್ಲಿಸದೆ, ಗೊಂಬೆಯ ಆಚೆಯಿಂದ ಶುರುಮಾಡಿ ಈಚೆ ಮುಗಿಯುವಂತೆ ಬೀಸಿ. ಎರಡು ತೆಳು ಪದರ ಒಂದು ದಪ್ಪ ಪದರಕ್ಕಿಂತ ಮೇಲು. ಕೆಲಸ ಟೆರೇಸಿನಲ್ಲಿ ಅಥವಾ ಗಾಳಿಯಾಡುವ ಬಾಲ್ಕನಿಯಲ್ಲಿ ನಡೆಯಲಿ. ವಾಹನಗಳಿಗೆ ಬಳಸುವ ಸ್ಪ್ರೇ ಪ್ರೈಮರ್ ತಂದರೆ ಮೊದಲು ಬೇಡದ ಪ್ಲಾಸ್ಟಿಕ್ ತುಂಡಿನ ಮೇಲೆ ಪರೀಕ್ಷಿಸಿ. ಕೆಲವು ಪ್ಲಾಸ್ಟಿಕ್ಕನ್ನು ಅದು ಕರಗಿಸುತ್ತದೆ.

ಬೆಂಗಳೂರಿನ ಮಳೆಗಾಲ, ಅಂದರೆ ಜೂನ್‌ನಿಂದ ಅಕ್ಟೋಬರ್, ಸ್ಪ್ರೇ ಕ್ಯಾನಿಗೆ ಒಗ್ಗುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಪ್ರೈಮರ್ ಮರಳುಮರಳಾಗಿ ಕೂರುತ್ತದೆ. ಮಳೆ ಬಿಟ್ಟ ದಿನ ಮಧ್ಯಾಹ್ನದವರೆಗೆ ಕಾಯಿರಿ, ಇಲ್ಲವೇ ಬ್ರಷ್ಷಿನಿಂದ ಹಚ್ಚುವ ಪ್ರೈಮರ್ ಬಳಸಿ.

ಕಪ್ಪು ಒಣಗಿದ ಮೇಲೆ ಬಿಳಿ ಪ್ರೈಮರನ್ನು ನೆತ್ತಿಯ ಮೇಲಿನಿಂದ ಮಾತ್ರ, ಲಘುವಾಗಿ ಬೀಸಿ. ಸ್ಪ್ರೇ ಇಲ್ಲದಿದ್ದರೆ ಚಪ್ಪಟೆ ಬ್ರಷ್ಷಿಗೆ ಬಿಳಿ ಬಣ್ಣ ತೆಗೆದುಕೊಂಡು, ಟಿಶ್ಯೂ ಮೇಲೆ ಬಹುಪಾಲು ಒರೆಸಿ, ಮೇಲಿನಿಂದ ಕೆಳಕ್ಕೆ ಸವರಿ; ಉಬ್ಬುಗಳಿಗೆ ಮಾತ್ರ ಬಿಳಿ ಅಂಟುತ್ತದೆ. ಈಗ ಸೋಮೇಶ್ವರದ ಕಲ್ಲಿನಲ್ಲಿ ಕಂಡದ್ದೇ ಗೊಂಬೆಯ ಮೇಲೆ ಬೂದು ಬಣ್ಣದಲ್ಲಿ ಮೂಡಿರುತ್ತದೆ. ಮೊಬೈಲಿನಲ್ಲಿ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದಿಡಿ. ಬಣ್ಣ ಏರಿದಂತೆ ನಕ್ಷೆ ಮುಚ್ಚಿಹೋಗುತ್ತದೆ, ಫೋಟೊ ಉಳಿಯುತ್ತದೆ. ಪ್ರೈಮರ್ ಒಂದು ರಾತ್ರಿ ಒಣಗಲಿ.

ಹಂತ 4: ಒದ್ದೆ ಪ್ಯಾಲೆಟ್ ಮಾಡಿಕೊಳ್ಳಿ

ನಮ್ಮ ಮನೆಗಳಲ್ಲಿ ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಒಣ ತಟ್ಟೆಯ ಮೇಲೆ ಹಾಕಿದ ಒಂದು ಹನಿ ಬಣ್ಣ ನೋಡನೋಡುತ್ತಲೇ ತೊಗಲುಗಟ್ಟುತ್ತದೆ. ಇದಕ್ಕೆ ಮದ್ದು ಒದ್ದೆ ಪ್ಯಾಲೆಟ್. ಮುಚ್ಚಳವಿರುವ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಯೊಳಗೆ ತೆಳು ಸ್ಪಂಜು ಅಥವಾ ನಾಲ್ಕೈದು ಮಡಿಕೆ ಟಿಶ್ಯೂ ಇಟ್ಟು, ಚೆನ್ನಾಗಿ ಒದ್ದೆ ಮಾಡಿ. ಅದರ ಮೇಲೆ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಬೇಕಿಂಗ್ ಪೇಪರ್ ಹಾಸಿ, ಗುಳ್ಳೆ ಉಳಿಯದಂತೆ ಒತ್ತಿ. ಕಾಗದದ ಮೂಲಕ ನಿಧಾನವಾಗಿ ಏರುವ ತೇವ ಬಣ್ಣವನ್ನು ಗಂಟೆಗಟ್ಟಲೆ ಹಸಿಯಾಗಿಡುತ್ತದೆ. ಮುಚ್ಚಳ ಮುಚ್ಚಿದರೆ ಮಾರನೇ ದಿನಕ್ಕೂ ಅದೇ ಮಿಶ್ರಣ ಸಿಗುತ್ತದೆ. ಕೆಲಸ ಮಾಡುವಾಗ ಫ್ಯಾನ್ ಆರಿಸಿ ಅಥವಾ ಕಡಿಮೆ ಮಾಡಿ. ಪದರ ಒಣಗಿಸಬೇಕಾದಾಗ ಅದೇ ಫ್ಯಾನಿನ ಕೆಳಗೆ ಗೊಂಬೆಯನ್ನಿಟ್ಟರಾಯಿತು.

ಬಣ್ಣಕ್ಕೆ ಎಷ್ಟು ನೀರು? ತಳದ ಬಣ್ಣಕ್ಕೆ ಎರಡು ಪಾಲು ಬಣ್ಣಕ್ಕೆ ಒಂದು ಪಾಲು ನೀರು. ಲೇಯರಿಂಗಿಗೆ ಸಮಪಾಲು, ನೀರು ಬೆರೆಸಿದ ಹಾಲಿನಷ್ಟು ತೆಳುವಾಗಿ ಹರಿಯಬೇಕು. ಅದಕ್ಕಿಂತ ತೆಳುವಾಗಬೇಕಾದರೆ ಬರೀ ನೀರಿನ ಬದಲು ಮೀಡಿಯಂ ಸೇರಿಸಿ. ನೀರು ಹೆಚ್ಚಾದರೆ ಬಣ್ಣವನ್ನು ಹಿಡಿದಿಡುವ ಅಂಟು ಸಡಿಲವಾಗುತ್ತದೆ. ಬ್ರಷ್ಷನ್ನು ಬಣ್ಣದಲ್ಲಿ ಅದ್ದಿದ ಮೇಲೆ ಪ್ರತಿ ಸಲವೂ ಟಿಶ್ಯೂವಿಗೆ ಒಮ್ಮೆ ತಾಗಿಸಿ. ಈ ಅಭ್ಯಾಸವೊಂದು ಕೈಗೆ ಹತ್ತಿದರೆ ಅರ್ಧ ತೊಂದರೆಗಳು ಇಲ್ಲವಾಗುತ್ತವೆ. ತಾಗಿಸದೆ ಹಚ್ಚಿದರೆ ತೆಳು ಬಣ್ಣ ಗುಂಡಿಗಳಿಗೆ ಹರಿದುಹೋಗಿ ಅಂಚಿನಲ್ಲಿ ಉಂಗುರ ಬಿಡುತ್ತದೆ.

ಹಂತ 5: ಹಣತೆಯ ಮೇಲೆ ಕೈ ಪಳಗಿಸಿ

ಗೊಂಬೆಗೆ ಹೋಗುವ ಮುಂಚೆ ಪಾಟರಿ ಟೌನಿನಿಂದ ನಾಲ್ಕಾರು ಮಣ್ಣಿನ ಹಣತೆ ತನ್ನಿ. ಸುಟ್ಟ ಮಣ್ಣು ನೀರು ಹೀರುತ್ತದೆ, ಆದ್ದರಿಂದ ನೀರಾಗಿಸಿದ ಫೆವಿಕಾಲನ್ನು ಎರಡು ಸಲ ಬಳಿದು ಒಣಗಿಸಿ, ಮೇಲೆ ಪ್ರೈಮರ್ ಹಚ್ಚಿ. ಹಣತೆಯ ಹೊರಮೈ ಗೊಂಬೆಯ ಭುಜಕ್ಕಿಂತ ಎಷ್ಟೋ ದೊಡ್ಡದು, ಆದರೆ ಬಾಗು ಅದೇ ಬಗೆಯದು. ಒಂದು ಅಂಚಿನಲ್ಲಿ ಕಡುಗೆಂಪು, ಇನ್ನೊಂದು ಅಂಚಿನಲ್ಲಿ ಕಿತ್ತಳೆ, ನಡುವೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯಬಾರದು – ಗುರಿ ಇಷ್ಟೇ. ಮುಂದಿನ ಎರಡು ಹಂತಗಳ ಕ್ರಮಗಳನ್ನು ಮೊದಲು ಹಣತೆಯ ಮೇಲೆ ಮಾಡಿ ನೋಡಿ. ಕೆಟ್ಟರೆ ಮೇಲೆ ಮತ್ತೆ ಪ್ರೈಮರ್ ಬಳಿದು ಹೊಸದಾಗಿ ಶುರುಮಾಡಬಹುದು.

ಹಂತ 6: ಮೈಬಣ್ಣಕ್ಕೆ ಲೇಯರಿಂಗ್

ಲೇಯರಿಂಗ್ ಎಂದರೆ ಪ್ರತಿ ಪದರವೂ ಹಿಂದಿನದಕ್ಕಿಂತ ಸ್ವಲ್ಪ ತಿಳಿ, ಪ್ರತಿ ಪದರದ ಜಾಗವೂ ಹಿಂದಿನದಕ್ಕಿಂತ ಸ್ವಲ್ಪ ಕಿರಿದು.

ಮೊದಲು ನಡುಬಣ್ಣ. ಯೆಲ್ಲೋ ಓಕರಿಗೆ ಚೂರು ಅಲ್ಟ್ರಾಮರೀನ್ ಸೇರಿಸಿದರೆ ಮಾಸಲು ಹಸಿರು ಬರುತ್ತದೆ, ರಕ್ಕಸನಿಗೆ ಹೇಳಿಮಾಡಿಸಿದ್ದು. ಒದ್ದೆ ಪ್ಯಾಲೆಟ್ಟಿನ ಮೇಲೆ ಒಂದೇ ಸಾಲಿನಲ್ಲಿ ಐದು ಗುಡ್ಡೆ ಮಾಡಿಕೊಳ್ಳಿ:

1. ಆಳದ ನೆರಳು: ನಡುಬಣ್ಣ, ಬರ್ನ್ಟ್ ಅಂಬರ್, ಇನ್ನಷ್ಟು ನೀಲಿ.
2. ನೆರಳು: ನಡುಬಣ್ಣಕ್ಕೆ ಮೊದಲನೆಯ ಗುಡ್ಡೆಯಿಂದ ಅರ್ಧ.
3. ನಡುಬಣ್ಣ.
4. ಬೆಳಕು: ನಡುಬಣ್ಣಕ್ಕೆ ಇನ್ನಷ್ಟು ಓಕರ್, ಚೂರು ಹಳದಿ.
5. ಹೊಳಪು: ನಾಲ್ಕನೆಯದಕ್ಕೆ ಸ್ವಲ್ಪ ಬಿಳಿ.

ಬಿಳಿ ಕೊನೆಯ ಗುಡ್ಡೆಗೆ ಮಾತ್ರ ಬಂದದ್ದನ್ನು ಗಮನಿಸಿ. ಶುರುವಿನಿಂದಲೇ ಬಿಳಿ ಸೇರಿಸಿದರೆ ಮೈ ಸುಣ್ಣ ಬಳಿದಂತಾಗುತ್ತದೆ. ನೆರಳಿಗೆ ಬರೀ ಕಪ್ಪು ಬೆರೆಸಿದರೂ ಅಷ್ಟೇ, ಬಣ್ಣ ಸತ್ತುಹೋಗುತ್ತದೆ. ನೆರಳನ್ನು ನೀಲಿ-ಕಂದಿನ ಕಡೆಗೂ ಬೆಳಕನ್ನು ಹಳದಿಯ ಕಡೆಗೂ ಸರಿಸಿದರೆ ಮೈಗೆ ಜೀವ ಬರುತ್ತದೆ.

ಬರಿಮೈ ಇರುವೆಡೆಯೆಲ್ಲ ಎರಡನೆಯ ಗುಡ್ಡೆಯನ್ನು ಎರಡು ತೆಳು ಪದರಗಳಲ್ಲಿ ಹಚ್ಚಿ. ಮೊದಲ ಪದರ ತೇಪೆತೇಪೆಯಾಗಿ ಕಂಡರೆ ಗಾಬರಿ ಬೇಡ, ಎರಡನೆಯದು ಮುಚ್ಚುತ್ತದೆ. ಒಣಗಿದ ಮೇಲೆ ಮೊದಲ ಗುಡ್ಡೆಯನ್ನು ಇನ್ನಷ್ಟು ತೆಳು ಮಾಡಿ ಕಂಕುಳು, ಸ್ನಾಯುಗಳ ನಡುವಿನ ಗೆರೆ, ಕಣ್ಣುಗುಳಿಗಳಿಗೆ ಮಾತ್ರ ಇಳಿಸಿ. ಈಗ ಮೂರನೆಯದು: ಗೆರೆಗಳನ್ನು ಬಿಟ್ಟು ಮೈಯ ಸುಮಾರು ಮುಕ್ಕಾಲು ಭಾಗಕ್ಕೆ. ನಾಲ್ಕನೆಯದು ಸ್ನಾಯುಗಳ ಮೇಲರ್ಧಕ್ಕೆ ಮಾತ್ರ. ಐದನೆಯದು ಹುಬ್ಬಿನ ಏಣು, ಮೂಗಿನ ತುದಿ, ಕೆನ್ನೆ, ಭುಜದ ನೆತ್ತಿ, ಬೆರಳಿನ ಗೆಣ್ಣುಗಳಿಗೆ ಚುಕ್ಕೆಯಷ್ಟು. ಅನುಮಾನ ಬಂದರೆ ಹಂತ 3ರಲ್ಲಿ ತೆಗೆದಿಟ್ಟ ಫೋಟೊ ನೋಡಿ. ಮುಖಕ್ಕೆ ಐದನೆಯದನ್ನು ಹಚ್ಚುವ ಮುಂಚೆ ಮಾತ್ರ ಹಂತ 8ರಲ್ಲಿ ಹೇಳಿರುವಂತೆ ಕಣ್ಣು ಬರೆದುಬಿಡಿ.

ಎರಡು ನಿಯಮ ಮರೆಯಬಾರದು. ಒಂದು, ಹಿಂದಿನ ಪದರ ಪೂರ್ತಿ ಒಣಗದೆ ಮುಂದಿನದನ್ನು ಮುಟ್ಟಬಾರದು. ಅರೆಒಣಗಿದ ಬಣ್ಣವನ್ನು ಬ್ರಷ್ ಕಿತ್ತುಕೊಂಡು ಬರುತ್ತದೆ. ತೆಳು ಪದರ ಎರಡು ಮೂರು ನಿಮಿಷದಲ್ಲಿ ಒಣಗುತ್ತದೆ, ಮಳೆಗಾಲದಲ್ಲಿ ಅದರ ಎರಡರಷ್ಟು ಕೊಡಿ. ಎರಡು, ಬ್ರಷ್ ಎಳೆಯುವ ದಿಕ್ಕು. ಬಣ್ಣ ಹೆಚ್ಚು ಬೀಳುವುದು ಬ್ರಷ್ ಎತ್ತುವ ಜಾಗದಲ್ಲಿ. ಬೆಳಕಿನ ಬಣ್ಣ ಹಚ್ಚುವಾಗ ಬ್ರಷ್ಷನ್ನು ಬೆಳಕಿನ ಕಡೆಗೇ ಎಳೆದು ಎತ್ತಿ. ನೆರಳು ಹಚ್ಚುವಾಗ ನೆರಳಿನ ಕಡೆಗೆ. ಹೀಗೆ ಎಳೆದರೆ ಪದರದ ಆರಂಭದ ಅಂಚು ತಾನಾಗಿ ತೆಳುವಾಗಿ, ಕೆಳಗಿನ ಬಣ್ಣದೊಳಗೆ ಕರಗುತ್ತದೆ.

ಹಂತ 7: ಹೊದಿಕೆಗೆ ಬ್ಲೆಂಡಿಂಗ್

ಲೇಯರಿಂಗಿನಲ್ಲಿ ಪದರಗಳ ನಡುವೆ ಮೆಟ್ಟಿಲು ಉಳಿಯುತ್ತದೆ. ಚಿಕ್ಕ ಸ್ನಾಯುವಿನ ಮೇಲೆ ಅದು ಕಾಣದು, ಅಗಲವಾದ ಹೊದಿಕೆಯ ಮೇಲೆ ಎದ್ದು ಕಾಣುತ್ತದೆ. ಆ ಮೆಟ್ಟಿಲನ್ನು ಅಳಿಸುವುದೇ ಬ್ಲೆಂಡಿಂಗ್. ಮೂರು ದಾರಿಗಳಿವೆ, ಸುಲಭವಾದದ್ದರಿಂದ ಶುರುಮಾಡೋಣ.

ಬಣ್ಣ ಮೊದಲು: ಕೆಂಪು ನಡುಬಣ್ಣ. ನೆರಳಿಗೆ ಕೆಂಪು, ಬರ್ನ್ಟ್ ಅಂಬರ್ ಮತ್ತು ಒಂದು ತುದಿಯಷ್ಟು ನೀಲಿ ಸೇರಿಸಿ ಕಡು ಮರೂನ್ ಮಾಡಿಕೊಳ್ಳಿ. ಬೆಳಕಿಗೆ ಕೆಂಪು ಮತ್ತು ಹಳದಿ ಸೇರಿಸಿ ಕಿತ್ತಳೆ. ಕೆಂಪಿಗೆ ಬಿಳಿ ಸೇರಿಸಿದರೆ ಗುಲಾಬಿಯಾಗುತ್ತದೆ, ರಕ್ಕಸನಿಗೆ ಅದು ಹೊಂದದು.

ಗ್ಲೇಜಿಂಗ್: ಲೇಯರಿಂಗ್ ಮುಗಿಸಿ, ನಡುಬಣ್ಣದ ಒಂದು ಪಾಲಿಗೆ ಮೀಡಿಯಂ ಮತ್ತು ನೀರು ಸೇರಿ ಐದಾರು ಪಾಲು ಬೆರೆಸಿ. ಕಾಗದದ ಮೇಲೆ ಎಳೆದರೆ ಬಣ್ಣದ ಛಾಯೆ ಮಾತ್ರ ಕಾಣಬೇಕು. ಬ್ರಷ್ಷನ್ನು ಟಿಶ್ಯೂವಿಗೆ ತಾಗಿಸಿ, ಎರಡು ಪದರ ಕೂಡುವ ಮೆಟ್ಟಿಲಿನ ಮೇಲೆ ಸವರಿ, ಒಣಗಿಸಿ, ಮತ್ತೆ ಸವರಿ. ಮೂರು ನಾಲ್ಕು ಸಲಕ್ಕೆ ಮೆಟ್ಟಿಲು ಮಾಯವಾಗುತ್ತದೆ. ನಿಧಾನದ ದಾರಿ, ಆದರೆ ಕೆಡುವ ಭಯ ಕಡಿಮೆ. ಹೊಸಬರಿಗೆ ಇದೇ ಒಳ್ಳೆಯದು.

ಎರಡು ಬ್ರಷ್ಷಿನ ದಾರಿ: ಒಂದು ಬ್ರಷ್ಷಿನಲ್ಲಿ ಬಣ್ಣ, ಇನ್ನೊಂದರಲ್ಲಿ ಬರೀ ತೇವ. ಮಡಿಕೆಯ ಆಳದಲ್ಲಿ ಮರೂನ್ ಗೆರೆ ಎಳೆದ ಕೂಡಲೇ, ಅದು ಒಣಗುವ ಮುನ್ನ, ತೇವದ ಬ್ರಷ್ಷಿನಿಂದ ಅದರ ಒಂದು ಅಂಚನ್ನು ಮೇಲಕ್ಕೆ ಎಳೆದು ತೆಳುವಾಗಿಸಿ. ತೇವದ ಬ್ರಷ್ಷಿನಿಂದ ನೀರು ತೊಟ್ಟಿಕ್ಕುವಂತಿರಬಾರದು. ಹಿಂದಿನ ಪದರ ಚೆನ್ನಾಗಿ ಒಣಗಿರಲೇಬೇಕು.

ವೆಟ್ ಬ್ಲೆಂಡಿಂಗ್: ಮರೂನ್ ಮತ್ತು ಕೆಂಪನ್ನು ಅಕ್ಕಪಕ್ಕ ಹಸಿಯಾಗಿಯೇ ಹಚ್ಚಿ, ಕೂಡುವಲ್ಲಿ ಬ್ರಷ್ಷನ್ನು ಹಾವಿನ ನಡೆಯಂತೆ ಆಡಿಸಿ ಗೊಂಬೆಯ ಮೇಲೆಯೇ ಬೆರೆಸುವುದು. ಬೇಗ ಮುಗಿಯುತ್ತದೆ, ಆದರೆ ಸಮಯ ಅರ್ಧ ನಿಮಿಷಕ್ಕಿಂತ ಹೆಚ್ಚಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಒಣಹವೆಯಲ್ಲಿ ಅದೂ ಸಿಗುವುದಿಲ್ಲ. ಬಣ್ಣ ತಡವಾಗಿ ಒಣಗಿಸುವ ರಿಟಾರ್ಡರ್ ಒಂದು ಹನಿ ಸೇರಿಸಿ. ಸ್ಪ್ರೇಗೆ ಬೇಡವಾದ ಮಳೆಗಾಲ ವೆಟ್ ಬ್ಲೆಂಡಿಂಗಿಗೆ ಒಳ್ಳೆಯ ಕಾಲ. ಬಣ್ಣ ಅಂಟಂಟಾದ ಕ್ಷಣ ಕೈ ತೆಗೆಯಿರಿ. ಉಳಿದದ್ದನ್ನು ಒಣಗಿದ ಮೇಲೆ ಗ್ಲೇಜಿನಿಂದ ಸರಿಮಾಡಬಹುದು.

ಹೊದಿಕೆಯ ಮಡಿಕೆಯಲ್ಲಿ ಆಳಕ್ಕೆ ಮರೂನ್, ಇಳಿಜಾರಿಗೆ ಕೆಂಪು, ಏಣಿಗೆ ಕಿತ್ತಳೆ. ಹೆಗಲ ಬಳಿಯ ಮಡಿಕೆಗಳು ಹೆಚ್ಚು ತಿಳಿಯಾಗಿ, ಕಾಲ ಬಳಿಯವು ಕಡುವಾಗಿರಲಿ.

ಹಂತ 8: ಕತ್ತಿ, ಚರ್ಮ, ಕಣ್ಣು

ಕತ್ತಿಗೆ ಮೊದಲು ಕಪ್ಪು, ಮೇಲೆ ಬೆಳ್ಳಿ. ಬರ್ನ್ಟ್ ಅಂಬರ್ ಮತ್ತು ಕಪ್ಪನ್ನು ಮೀಡಿಯಂನಲ್ಲಿ ತೆಳುವಾಗಿಸಿ ಕತ್ತಿಯ ಮೇಲೆ ಹರಿಯಬಿಡಿ. ಇದನ್ನೇ ವಾಶ್ ಎನ್ನುವುದು. ಒಣಗಿದ ಮೇಲೆ ಅಲಗಿನ ಅಂಚಿಗೆ ಬ್ರಷ್ಷಿನ ಮಗ್ಗುಲಿನಿಂದ ಬೆಳ್ಳಿ ಸವರಿ. ಲೋಹದ ಬಣ್ಣಕ್ಕೆ ಬೇರೆ ಲೋಟದ ನೀರು ಬಳಸಿ. ಅದರ ಹೊಳೆಯುವ ಚೂರುಗಳು ನೀರಿನಲ್ಲಿ ಉಳಿದು ಮುಂದೆ ಮೈಬಣ್ಣದಲ್ಲೂ ಮಿಂಚುತ್ತವೆ.

ಚರ್ಮದ ಪಟ್ಟಿಗೆ ಬರ್ನ್ಟ್ ಅಂಬರ್, ಮೇಲೆ ಓಕರ್ ಬೆರೆಸಿದ ಕಂದಿನಲ್ಲಿ ಸಣ್ಣ ಗೀಚುಗಳು. ಅಂಚು ಸವೆದಂತೆ ಕಾಣಿಸಲು ಅಷ್ಟು ಸಾಕು.

ವಿಗ್ರಹ ಮಾಡುವವರು ಕಣ್ಣನ್ನು ಕೊನೆಗೆ ತೆರೆಯುತ್ತಾರೆ. ಇಲ್ಲಿ ಮುಖದ ಕೊನೆಯ ಹೊಳಪು ಹಚ್ಚುವ ಮುಂಚೆಯೇ ಕಣ್ಣು ಬರೆದುಬಿಡುವುದು ಅನುಕೂಲ, ಏಕೆಂದರೆ ಆಚೀಚೆ ಚೆಲ್ಲಿದ್ದನ್ನು ಮೈಬಣ್ಣದಿಂದ ಮುಚ್ಚಿಕೊಂಡು ಬರಬಹುದು. ಆದ್ದರಿಂದ ಆರನೆಯ ಹಂತದಲ್ಲಿ ಮುಖಕ್ಕೆ ನಾಲ್ಕನೆಯ ಗುಡ್ಡೆ ಮುಗಿಸಿ ನಿಲ್ಲಿಸಿ, ಇದನ್ನು ಮಾಡಿ, ಆಮೇಲೆ ಐದನೆಯದಕ್ಕೆ ಹೋಗಿ. ಕಣ್ಣುಗುಳಿಗೆ ಕಡುಗಂದು, ಅದರೊಳಗೆ ಕಂದಿನ ಅಂಚು ಉಳಿಯುವಂತೆ ಓಕರ್ ಬೆರೆತ ಬಿಳಿಯ ಸಣ್ಣ ಗೀರು, ನಡುವೆ ಮೇಲಿನಿಂದ ಕೆಳಕ್ಕೆ ಒಂದು ಕಪ್ಪು ಗೆರೆ. ಎರಡೂ ಮೊಣಕೈ ಮೇಜಿನ ಮೇಲೂರಿ, ಎರಡು ಕೈಗಳ ಮಣಿಕಟ್ಟನ್ನು ಒಂದಕ್ಕೊಂದು ಒತ್ತಿ ಹಿಡಿದರೆ ಬ್ರಷ್ ನಡುಗುವುದಿಲ್ಲ. ರಕ್ಕಸ ಪಕ್ಕಕ್ಕೆ ನೋಡುತ್ತಿರುವಂತೆ ಬರೆದರೆ ಮೆಳ್ಳೆಗಣ್ಣಾಗುವ ಸಂಭವ ಕಡಿಮೆ.

ಹಂತ 9: ಕಾಲ ಕೆಳಗೆ ಕೆಮ್ಮಣ್ಣು

ಪೀಠಕ್ಕೆ ಹಾಕುವ ಮರಳು, ಪುಡಿಯ ಪೊಟ್ಟಣ ಕೊಳ್ಳುವ ಅಗತ್ಯವಿಲ್ಲ. ಕೆ.ಆರ್. ಪುರದ ಆಚೀಚೆ ಮನೆಗೆ ಪಾಯ ತೋಡಿದ ಕಡೆ ಒಂದು ಹಿಡಿ ಕೆಮ್ಮಣ್ಣು ಕೇಳಿ ತನ್ನಿ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಚಹಾ ಜಾಲರಿಯಲ್ಲಿ ಸೋಸಿ. ಪೀಠಕ್ಕೆ ಫೆವಿಕಾಲ್ ಬಳಿದು, ಎರಡು ಮೂರು ಸಣ್ಣ ಕಲ್ಲಿಟ್ಟು, ಮೇಲೆ ಮಣ್ಣು ಉದುರಿಸಿ, ಒಂದು ರಾತ್ರಿ ಬಿಟ್ಟು ಹೆಚ್ಚಿನದನ್ನು ಕೊಡವಿ. ನೀರಾಗಿಸಿದ ಫೆವಿಕಾಲನ್ನು ಮೇಲೊಮ್ಮೆ ಹನಿಸಿದರೆ ಮಣ್ಣು ಗಟ್ಟಿ ನಿಲ್ಲುತ್ತದೆ. ಕಂದು ವಾಶ್ ಕೊಟ್ಟು, ಒಣ ಬ್ರಷ್ಷಿನಿಂದ ಓಕರ್ ಸವರಿ, ಪೀಠದ ಅಂಚಿಗೆ ಕಪ್ಪು ಬಳಿದರೆ ಮುಗಿಯಿತು. ಹಸಿರು ಮೈಯ ಕೆಳಗೆ ಕೆಂಪು ಮಣ್ಣು ಚೆನ್ನಾಗಿ ಎತ್ತಿ ಕಾಣುತ್ತದೆ.

ಹಂತ 10: ವಾರ್ನಿಷ್

ಆಟಕ್ಕಿಳಿಯುವ ಗೊಂಬೆಯನ್ನು ಹತ್ತು ಕೈ ಮುಟ್ಟುತ್ತವೆ. ಮ್ಯಾಟ್ ವಾರ್ನಿಷ್ ಎರಡು ತೆಳು ಪದರ ಕೊಡಿ. ತೇವದ ದಿನ ಸ್ಪ್ರೇ ವಾರ್ನಿಷ್ ಹೊಡೆದರೆ ಗೊಂಬೆಯ ಮೇಲೆ ಬಿಳಿ ಮಂಜು ಕವಿಯುತ್ತದೆ, ಬ್ರಷ್ಷಿನಿಂದ ಹಚ್ಚುವುದೇ ಕ್ಷೇಮ. ಕತ್ತಿಯ ಹೊಳಪು ಮಂಕಾದರೆ ಅಲಗಿಗೆ ಮಾತ್ರ ಮತ್ತೊಮ್ಮೆ ಬೆಳ್ಳಿ ತಾಗಿಸಿ.

ಕೆಟ್ಟರೆ ಏನು ಮಾಡಬೇಕು?

ಮೇಲ್ಮೈ ಸುಣ್ಣದಂತೆ ಕಂಡರೆ: ಬಿಳಿ ಹೆಚ್ಚಾಗಿದೆ. ನಡುಬಣ್ಣದ ತೆಳು ಗ್ಲೇಜ್ ಒಂದೆರಡು ಸಲ ಕೊಡಿ.

ಅಂಚಿನಲ್ಲಿ ಉಂಗುರ ಬಿದ್ದರೆ: ಬ್ರಷ್ಷಿನಲ್ಲಿ ನೀರು ಹೆಚ್ಚಿತ್ತು. ಹಸಿಯಾಗಿದ್ದರೆ ಒಣ ಬ್ರಷ್ಷಿನ ತುದಿಯಿಂದ ಹೀರಿ. ಒಣಗಿದ್ದರೆ ಆ ಪದರವನ್ನೇ ಮತ್ತೆ ಹಚ್ಚಿ.

ಮುಖದ ಕೆತ್ತನೆ ಮುಚ್ಚಿಹೋದರೆ: ಬಣ್ಣ ದಪ್ಪವಾಗಿತ್ತು, ಇದಕ್ಕೆ ಮೇಲಿನಿಂದ ಪರಿಹಾರವಿಲ್ಲ. ಗಟ್ಟಿ ಪ್ಲಾಸ್ಟಿಕ್ ಗೊಂಬೆಯಾದರೆ ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಕೆಲವು ಗಂಟೆ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಬಣ್ಣ ತೆಗೆದು ಮೊದಲಿನಿಂದ ಶುರುಮಾಡಿ. ಬೆಂಕಿಯ ಹತ್ತಿರ ಈ ಕೆಲಸ ಬೇಡ.

ಬ್ರಷ್ಷಿನ ತುದಿ ಕವಲೊಡೆದರೆ: ಬಣ್ಣ ಹಿಡಿಕೆಯ ತಗಡಿನವರೆಗೆ ಏರಿ ಒಣಗಿದೆ. ಅರ್ಧಕ್ಕಿಂತ ಹೆಚ್ಚು ಅದ್ದಬೇಡಿ. ಕೆಲಸ ಮುಗಿದ ಮೇಲೆ ಸ್ನಾನದ ಸೋಪಿನಲ್ಲಿ ತೊಳೆದು, ತುದಿಯನ್ನು ಬೆರಳಿನಿಂದ ಚೂಪು ಮಾಡಿ, ಮಲಗಿಸಿ ಒಣಗಿಸಿ. ಬಾಯಲ್ಲಿಟ್ಟು ಚೂಪು ಮಾಡುವ ಚಟ ಬೇಡ.

ದಿನಕ್ಕೆ ಒಂದೊಂದು ಗಂಟೆಯಂತೆ ಕೂತರೆ ಈ ರಕ್ಕಸ ಒಂದು ವಾರದಲ್ಲಿ ಸಿದ್ಧನಾಗುತ್ತಾನೆ. ಮುಗಿದ ಮೇಲೆ ಅವನನ್ನು ಬೆಳಕಿಗೆ ಹಿಡಿದು ನೋಡುವುದರ ಜೊತೆಗೆ ಒಂದು ಪರೀಕ್ಷೆಯನ್ನೂ ಮಾಡಿ: ಮೇಜಿನ ಆಚೆ, ಮೂರಡಿ ದೂರದಲ್ಲಿ ನಿಲ್ಲಿಸಿ. ಅಷ್ಟು ದೂರಕ್ಕೆ ಮೂಗು, ಎದೆ, ಹೊದಿಕೆಯ ಮಡಿಕೆ ಬೇರೆಬೇರೆಯಾಗಿ ಕಂಡರೆ ನಿಮ್ಮ ನೆರಳು-ಬೆಳಕು ಗೆದ್ದಿದೆ. ಹತ್ತಿರದಿಂದ ಅದ್ಭುತ, ದೂರದಿಂದ ಹಸಿರು ಮುದ್ದೆ ಎಂದಾದರೆ ನೆರಳಿಗೆ ಅಂಜಿಕೊಂಡಿದ್ದೀರಿ ಎಂದರ್ಥ. ಮುಂದಿನ ಗೊಂಬೆಗೆ ಮೊದಲ ಗುಡ್ಡೆಯನ್ನು ಇನ್ನೂ ಕಡುವಾಗಿ, ಐದನೆಯದನ್ನು ಇನ್ನೂ ತಿಳಿಯಾಗಿ ಬೆರೆಸಿ. ನಡುವಿನ ಮೂರನ್ನು ಹಾಗೇ ಬಿಡಿ.